ಅಜ್ಜಿ ಹಾಕಿದ ಗಂಟು

ಸಭೆ ಕರೆದ ದಿನ ನಮ್ಮ ಪಂಚಾಯ್ತಿಯಲ್ಲಿ ಸಭೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತಿತ್ತು. ಗುಡೂರಿನ ಆಚೆಯ ಒಂದು ಊರಿನಲ್ಲಿ ನಾನು ಗುಮಾಸ್ತ. ಸದಸ್ಯರಲ್ಲಿ ಅರ್ಧ ಅಧ್ಯಕ್ಷರ ಕಡೆ, ಅರ್ಧ ಎದುರು ಗುಂಪಿನ ಮುಖಂಡರ ಕಡೆ. ನೇಕಾರರ ಓಣಿಗೆ ನಳ ಮಂಜೂರಾಗಿ ಬಂದಿತ್ತು. ತಿಂಗಳೊಳಗೆ ಸಭೆ ಸೇರಿ ಠರಾವು ಮಾಡದಿದ್ದರೆ ಅದು ವಾಪಸ್ ಹೋಗುತ್ತಿತ್ತು. ಆ ಓಣಿಯ ಒಬ್ಬ ಅಜ್ಜಿ, ಮಗ್ಗದ ಎಳೆಗೆ ಎಳೆ ಕೂಡಿಸಿ ಬದುಕುವಾಕೆ, ಪ್ರತಿ ಸಭೆಗೂ ಬಂದು ಕಚೇರಿಯ ಮುಂದಿನ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಆಕೆ ದೂರದ ಬೋರಿನಿಂದ ಕೊಡ ಹೊತ್ತು ಬರುವುದನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಮೊದಲು ಯಾರು?

ಮೊದಲ ಸಭೆಯ ದಿನ ಎರಡೂ ಗುಂಪು ಬೇವಿನ ಮರದ ಕೆಳಗೆ ನಿಂತವು. ಮೊದಲು ಒಳಗೆ ಹೋದವರು ಸೋತ ಹಾಗೆ! "ಅವರು ಹೋಗ್ಲಿ, ಆಮ್ಯಾಲೆ ನಾವು" ಎಂದು ಇವರು, "ಅವರ ಹೋಗ್ಲಿ" ಎಂದು ಅವರು. ತಿನ್ನಲಾದರೂ ಒಳಗೆ ಬರಲಿ ಎಂದು ಗಿರಮಿಟ್ಟು, ಮಿರ್ಚಿ ಭಜಿ ತರಿಸಿದೆ. ನಿಂತಲ್ಲೇ ತಿಂದು ಮನೆಗೆ ಹೋದರು.

ಅಜ್ಜಿ ನನ್ನ ಕರೆದು, "ಯಪ್ಪಾ, ಹಿಂದ ಇನ್ನೊಂದು ಬಾಗಲಾ ಹಚ್ಚಸ್ರಿ. ಇಬ್ಬರೂ ಒಮ್ಮೆಗೇ ಬರ್ತಾರ" ಎಂದಳು.

"ಯಾವುದು ಮುಂದಿನ ಬಾಗಲಾ ಅಂತ ಮತ್ತ ಜಗಳಾ ಆಗ್ತೈತಿ ಬೇ" ಎಂದೆ.

ಕಿಸೆಯ ರಾಜೀನಾಮೆ

ಎರಡನೇ ಸಲ ಹೇಗೋ ಒಳಗೆ ಬಂದರು. ಮುಖಂಡರ ಕಿಸೆಯಲ್ಲಿ ಸದಾ ಒಂದು ರಾಜೀನಾಮೆ ಪತ್ರ. ಮಾತು ಮೇಲಾದರೆ ಸಾಕು, ತೆಗೆದು ಬೀಸುತ್ತಿದ್ದರು. ಅಂದು ಅಧ್ಯಕ್ಷರು ತಡೆಯಲಾರದೆ ಕೈ ಚಾಚಿದರು. "ಕೊಡ್ರಿ, ಈಗ ಮಂಜೂರ್ ಮಾಡ್ತೇನಿ! ಸಹಿ ಎಲ್ಲೈತ್ರಿ ಇದರಾಗ?"

"ಪೆನ್ನು ತರ್ರಿ, ಮಾಡ್ತೇನಿ!"

ನಾನು ಪೆನ್ನು ಕೊಟ್ಟೆ. ಮುಖಂಡರು ಗೀಚಿಯೇ ಗೀಚಿದರು, ಅಕ್ಷರ ಮೂಡಲಿಲ್ಲ. ಪದೇ ಪದೇ ತೆಗೆದು ಹರಿಯಬಾರದೆಂದು ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರು.

ಗಂಟು

ತಿಂಗಳ ಕೊನೆಯ ದಿನ ಮೂರನೇ ಸಭೆ. ನಳದ ಪೂಜೆ ಯಾರು ಮಾಡಬೇಕು ಎನ್ನುವಲ್ಲಿಗೆ ಮಾತು ಬಂದು ನಿಂತಿತು. ಮುಖಂಡರು "ಸಭಾ ಬಿಟ್ಟು ಹೋಗ್ತೇನಿ" ಎಂದು ಎದ್ದರು. "ನಿಮಗಿಂತ ಮೊದಲ ನಾ ಹೋಗ್ತೇನಿ" ಎಂದು ಅಧ್ಯಕ್ಷರೂ ಎದ್ದರು. ನಾನು ಅವರ ಹಿಂದೆಯೇ ಓಡಿದೆ.

ಹೊರಗೆ ಏಪ್ರಿಲ್ ಬಿಸಿಲು, ನೆಲ ಕಾದ ಹಂಚು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿದರೆ ಅಧ್ಯಕ್ಷರ ಎಡಗಾಲಿನದಕ್ಕೆ ಮುಖಂಡರ ಬಲಗಾಲಿನದು, ಇವರ ಬಲಕ್ಕೆ ಅವರ ಎಡ, ಮಗ್ಗದ ನೂಲಿನಿಂದ ಬಿಗಿದು ಕಟ್ಟಿದೆ! ಒಬ್ಬರು ಎಳೆದರೆ ಇನ್ನೊಬ್ಬರದೂ ಬರುತ್ತದೆ. ಕೊನೆಗೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತು ಗಂಟು ಹುಡುಕಿದರು. ಸಿಗಲಿಲ್ಲ.

"ಬಿಚ್ಚು ಬೇ ಯವ್ವಾ!" ಎಂದು ಮುಖಂಡರು ಕಟ್ಟೆಯ ಮೇಲಿದ್ದ ಅಜ್ಜಿಗೆ ಕೂಗಿದರು.

ಅಜ್ಜಿ ಕೈ ಮುಗಿದಳು. "ನನಗ ಎಳಿ ಕೂಡಸೂದು ಅಷ್ಟ ಬರ್ತೈತ್ರಿ ಯಪ್ಪಾ. ಬಿಡಸೂದು ಯಾರೂ ಕಲಿಸಿಲ್ಲ."

ಇಬ್ಬರೂ ತಲೆ ತಗ್ಗಿಸಿದರು. ಅಧ್ಯಕ್ಷರು ನನ್ನತ್ತ ತಿರುಗಿ, "ಕತ್ತರಿ ತರ್ರಿ" ಎಂದರು.

"ಆಫೀಸಿಗೆ ಕತ್ತರಿ ಇಲ್ರಿ. ತರಬೇಕಂದ್ರ ಠರಾವು ಬೇಕ್ರಿ" ಎಂದೆ.

ಬರಿಗಾಲಲ್ಲೇ ಒಳಗೆ ಬಂದರು. ಪೂಜೆ ಅಜ್ಜಿಯೇ ಮಾಡಲಿ ಎಂದರು. ಒಂದನೇ ಠರಾವು, ನೇಕಾರರ ಓಣಿಗೆ ನಳ. ಎರಡನೆಯದು, ಕಚೇರಿಗೆ ಒಂದು ಕತ್ತರಿ. ಎರಡಕ್ಕೂ ಸರ್ವಾನುಮತ.

ಕತ್ತರಿ ಅಂದೂ ನನ್ನ ಮೇಜಿನ ಖಾನೆಯಲ್ಲೇ ಇತ್ತು.