ಡಬ್ಬಿ ಕದಿಯುವ ಬೂದನ ಸೇವಾ ವಿಷಯ

ಸಂಖ್ಯೆ: ಉಗ್ರಾಣ/ಡಬ್ಬಿ/ನಾಯಿ/೧೭

ವಿಷಯ: ಉಗ್ರಾಣದ ಆವರಣದಲ್ಲಿ ವಾಸವಿರುವ ಬೂದ ಎಂಬ ನಾಯಿಯು ಸಿಬ್ಬಂದಿಯ ಮಧ್ಯಾಹ್ನದ ಊಟ ಕದಿಯುತ್ತಿರುವ ಬಗ್ಗೆ.

ಉಲ್ಲೇಖ: ೧) ಗುಮಾಸ್ತರ ನಲವತ್ತೊಂದು ದೂರುಗಳು (ಕಡತ ಸಿಕ್ಕಿರುವುದಿಲ್ಲ).
೨) ಮೇಲಧಿಕಾರಿಗಳ ಒಂದು ದೂರು (ಅತಿ ತುರ್ತು).

ಕಳೆದ ಮಂಗಳವಾರ ಮೇಲಧಿಕಾರಿಗಳು ಕೈ ತೊಳೆದು ಬರುವಷ್ಟರಲ್ಲಿ ಅವರ ಡಬ್ಬಿಯಲ್ಲಿದ್ದ ಹುರಿದ ಮೀನು ಮಾಯವಾಗಿರುತ್ತದೆ. ಮೂರು ವರ್ಷಗಳಿಂದ ಗುಮಾಸ್ತರ ಊಟ ಹೋಗುತ್ತಿದ್ದುದು ಅವರವರ ಹಣೆಬರಹವಾಗಿದ್ದು, ಸದರಿ ಮೀನು ಆಡಳಿತಕ್ಕೆ ಸಂಬಂಧಿಸಿದ್ದಾಗಿರುತ್ತದೆ. ಆದ್ದರಿಂದ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ:

೧. ಊಟದ ಡಬ್ಬಿಗಳನ್ನು ಬೂದ ಹಾರುವ ಎತ್ತರಕ್ಕಿಂತ ಒಂದು ಗೇಣು ಮೇಲೆ ಇಡತಕ್ಕದ್ದು. ಎತ್ತರ ಅಳೆಯಲು ಟೇಪಿನ ತುದಿಗೆ ಕಟ್ಟಿದ್ದ ಬ್ರೆಡ್ಡು ಟೇಪಿನ ಸಮೇತ ಹೋಗಿರುವುದರಿಂದ, ಸದರಿ ಎತ್ತರವನ್ನು ಸಿಬ್ಬಂದಿಯೇ ಊಹಿಸಿಕೊಳ್ಳತಕ್ಕದ್ದು.

೨. ಊಟ ಕಳೆದುಕೊಂಡವರು ಮೂರು ಪ್ರತಿಗಳಲ್ಲಿ ದೂರು ಸಲ್ಲಿಸಿ, ಕಳುವಾದ ಪದಾರ್ಥವನ್ನೇ ಸಾಕ್ಷಿಯಾಗಿ ಲಗತ್ತಿಸತಕ್ಕದ್ದು.

೩. ಬಾಲ ಅಲ್ಲಾಡಿಸುವುದನ್ನು ತಪ್ಪೊಪ್ಪಿಗೆಯೆಂದು ಪರಿಗಣಿಸಲಾಗುವುದಿಲ್ಲ. ಕಚೇರಿ ವೇಳೆಯಲ್ಲಿ "ಪಾಪ, ಮೂಕಪ್ರಾಣಿ" ಎನ್ನುವುದನ್ನು ನಿಷೇಧಿಸಲಾಗಿದೆ.

೪. ಬೂದನನ್ನು ಕೂಡಲೇ ಹೊರಹಾಕಲು ತೀರ್ಮಾನಿಸಲಾಗಿತ್ತು. ಆದರೆ "ಗೇಟಿನೊಳಗೆ ಇಡೀ ದಿನ ಇರುವ ಎಲ್ಲರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆಯತಕ್ಕದ್ದು" ಎಂಬ ಈ ಕಚೇರಿಯ ಹಿಂದಿನ ಆದೇಶವನ್ನು ಕಾವಲುಗಾರನು ಚಾಚೂ ತಪ್ಪದೆ ಪಾಲಿಸಿ ಬೂದನ ಹೆಸರನ್ನೂ ಬರೆದಿದ್ದು, ಮೇಲಧಿಕಾರಿಗಳು ಮೂರು ವರ್ಷ ತಿಂಗಳು ತಿಂಗಳೂ "ಪರಿಶೀಲಿಸಿದೆ" ಎಂದು ಸಹಿ ಹಾಕಿರುತ್ತಾರೆ. ಒಂದು ದಿನವೂ ತಪ್ಪಿಸಿಕೊಳ್ಳದ ಏಕೈಕ ನೌಕರನನ್ನು ವಿಚಾರಣೆಯಿಲ್ಲದೆ ತೆಗೆಯಲು ನಿಯಮದಲ್ಲಿ ಅವಕಾಶವಿರುವುದಿಲ್ಲ.

೫. ಹತ್ತೊಂಬತ್ತು ವರ್ಷಗಳಿಂದ ಗೇಟು ಕಾಯುತ್ತಿರುವ ಕಾವಲುಗಾರನು ಹಂಗಾಮಿ ನೌಕರನಾದ್ದರಿಂದ ಆತನ ವಿಷಯದಲ್ಲಿ ಅಂತಹ ತೊಡಕಿಲ್ಲ. ನಾಯಿಯ ಹೆಸರು ಬರೆದ ತಪ್ಪಿಗೆ ಆತನನ್ನು ಒಂದನೇ ತಾರೀಖಿನಿಂದ ತೆಗೆಯಲು ಆದೇಶಿಸಲಾಗಿದೆ. ಸಮಜಾಯಿಷಿ ಕೇಳಲಾಗಿ, ಟೋಪಿಯನ್ನು ಕಂಕುಳಲ್ಲಿಟ್ಟುಕೊಂಡು, "ಬರಿ ಅಂದ್ರಿ, ಬರ್ದೆ ಸ್ವಾಮಿ. ನಾಯಿ ಬಿಟ್ಟು ಬರಿ ಅಂತ ಯಾರೂ ಹೇಳ್ಲಿಲ್ವಲ್ಲ" ಎಂದಿರುತ್ತಾನೆ. ಮಗಳು ತುಂಬು ಬಸುರಿ, ಗೇಟಿನ ಕೋಣೆ ಬಿಡಿಸಿದರೆ ಅವಳನ್ನು ಎಲ್ಲಿ ಮಲಗಿಸಲಿ ಎಂದು ಆತ ಕೇಳಿದ್ದು ವಿಷಯಾಂತರವಾದ್ದರಿಂದ ದಾಖಲಿಸಿರುವುದಿಲ್ಲ.

೬. ಬೂದನಿಗೆ ನೀಡಿದ ನೋಟಿಸಿನ ಮೊದಲ ಪ್ರತಿಯನ್ನು ಬೂದನು ತಿಂದಿರುತ್ತಾನೆ. ಎರಡನೆಯದನ್ನು ಒಯ್ದ ಹಿರಿಯ ಗುಮಾಸ್ತರು ಸಂಜೆಯವರೆಗೆ ಮೂಟೆಗಳ ಮೇಲಿದ್ದು, ಕಾವಲುಗಾರನು ಬೂದನನ್ನು ಕೂಗಿ ಕರೆದ ಮೇಲಷ್ಟೇ ಇಳಿದಿರುತ್ತಾರೆ. ಬೂದನು ಕಾವಲುಗಾರನ ದನಿಯೊಂದಕ್ಕೇ ಕಿವಿಗೊಡುವುದು ಇದರಿಂದ ಸಾಬೀತಾಗಿರುತ್ತದೆ. ಆಪಾದಿತನಿಗೆ ನೋಟಿಸು ಓದಿ ಹೇಳದ ವಿಚಾರಣೆ ಊರ್ಜಿತವಾಗದು. ಆದಕಾರಣ ವಿಚಾರಣೆ ಮುಗಿಯುವವರೆಗೆ ಕಾವಲುಗಾರನನ್ನು ತೆಗೆಯುವ ಆದೇಶವನ್ನು ತಡೆಹಿಡಿಯಲಾಗಿದೆ.

೭. ಈ ಕಚೇರಿಯ ಹಿಂದಿನ ವಿಚಾರಣೆಯು ಮುರಿದ ಕುರ್ಚಿಯೊಂದರದ್ದಾಗಿದ್ದು, ಹದಿನಾಲ್ಕು ವರ್ಷಗಳಿಂದ ತ್ವರಿತವಾಗಿ ನಡೆಯುತ್ತಿರುತ್ತದೆ. ಬೂದನ ವಿಚಾರಣೆಯನ್ನೂ ಅದೇ ವೇಗದಲ್ಲಿ ನಡೆಸತಕ್ಕದ್ದು.

ಸಹಿ/-
ಮೇಲಧಿಕಾರಿಗಳ ಪರವಾಗಿ
(ಅವರು ಊಟಕ್ಕೆ ಮನೆಗೆ ಹೋಗಿರುತ್ತಾರೆ)

ಪ್ರತಿಗಳು:
೧. ಕುರ್ಚಿ ವಿಚಾರಣಾಧಿಕಾರಿಗಳು: ಇದನ್ನೂ ವಹಿಸಿಕೊಳ್ಳುವ ಸಲುವಾಗಿ.
೨. ಸೂಚನಾ ಫಲಕ: ಹಿಟ್ಟಿನ ಅಂಟಿನಿಂದ ಅಂಟಿಸತಕ್ಕದ್ದಲ್ಲ.
೩. ಕಾವಲುಗಾರ: ಬೂದನಿಗೆ ಓದಿ ಹೇಳುವ ಸಲುವಾಗಿ.
೪. ಕಾವಲುಗಾರನ ಮಗಳು: ಕೋಣೆ ಬಿಡಲೆಂದು ಕಟ್ಟಿಟ್ಟ ಗಂಟು ಬಿಚ್ಚುವ ಸಲುವಾಗಿ.