ಕಣ್ಣು ಮುಚ್ಚಿ ಎತ್ತಿದ ಕೈ

ಜಕರಿಯಪ್ಪನ ತಾಪತ್ರಯಗಳಿಗೆಲ್ಲ ಅವನ ಕುತ್ತಿಗೆಯೇ ಮೂಲ. ಎದುರಿಗೆ ನಿಂತವರು ದನಿ ಎತ್ತರಿಸಿ ಏನೇ ಕೇಳಲಿ, ಅದು ಅವನನ್ನು ಕೇಳದೆಯೇ 'ಹೂಂ' ಎಂದು ಆಡಿಬಿಡುತ್ತಿತ್ತು.

ಬೆಟಗೇರಿಯ ಚರ್ಚಿನಲ್ಲಿ ಗಂಟೆ ಬಾರಿಸುವುದು, ಬೆಂಚು ಒರೆಸುವುದು ಅವನ ಕೆಲಸ. ಕಂಪೌಂಡಿನ ಮೂಲೆಯಲ್ಲೊಂದು ಖೋಲಿ. ಅದರಲ್ಲಿ ಅವನು, ಹೆಂಡತಿ ಅಮೃತವ್ವ, ಒಂದು ಆಡು. ಸಭೆಯ ಕಾರ್ಯದರ್ಶಿ ಆದವನ ಮರ್ಜಿಯ ಮೇಲೆ ಆ ಖೋಲಿ ನಿಂತಿತ್ತು. ಈ ಭಾನುವಾರ ಆರಾಧನೆ ಮುಗಿದೊಡನೆ ಹೊಸ ಕಾರ್ಯದರ್ಶಿಯ ಆಯ್ಕೆ. ಸುತ್ತಲಿನ ತಾಲೂಕುಗಳ ಮಂದಿಯೂ ಇದೇ ಸಭೆಗೆ ಸೇರಿದವರು.

ಒಂದು ಕಡೆ ಬೆಟಗೇರಿಯ ಗಿದ್ಯೋನಪ್ಪ, ಪ್ರಿಂಟಿಂಗ್ ಪ್ರೆಸ್ಸಿನ ಮಾಲಕ. ಇನ್ನೊಂದು ಕಡೆ ಮುಂಡರಗಿಯ ಬೋವಜಪ್ಪ, ಗೊಬ್ಬರದ ಅಂಗಡಿಯವನು. ಗಂಟೆಯೂ ಬೆಟಗೇರಿಯದು, ಕುರ್ಚಿಯೂ ಬೆಟಗೇರಿಯದು, ನಾವು ಸುಗ್ಗಿ ಹಬ್ಬಕ್ಕೆ ಜೋಳದ ಚೀಲ ಹೊರಲಿಕ್ಕಷ್ಟೇ ಏನು ಎಂದು ಮುಂಡರಗಿ, ಶಿರಹಟ್ಟಿಯವರ ಸಿಟ್ಟು. ಕೀರ್ತನೆಯ ರಾಗ ಬಾರದೆ ಎಲ್ಲವನ್ನೂ ಭಜನೆಯಂತೆ ಎಳೆಯುವವರಿಗೆ ಕುರ್ಚಿ ಬೇರೆ ಕೇಡು ಎಂದು ಬೆಟಗೇರಿಯವರ ಸಿಟ್ಟು. ಯೇಸುಸ್ವಾಮಿ ಯಾವ ತಾಲೂಕಿನವನು ಎಂದು ಯಾರಾದರೂ ಕೇಳಿದ್ದರೆ ಅದಕ್ಕೂ ತಲೆ ಒಡೆದುಕೊಳ್ಳುವ ಮಂದಿ. ಲಕ್ಷ್ಮೇಶ್ವರದವರು ಮಾತ್ರ ನಡುವಿನ ಬೆಂಚುಗಳಲ್ಲಿ ಕುಳಿತು ಇಬ್ಬರ ಚಹಾವನ್ನೂ ಕುಡಿಯುತ್ತಿದ್ದರು.

ಭಾನುವಾರ ಬೆಳಿಗ್ಗೆ ಗಿದ್ಯೋನಪ್ಪ ಖೋಲಿಯ ಬಾಗಿಲಿಗೇ ಬಂದ.

"ಏನಲೇ ಜಕರಿಯಾ, ಇಷ್ಟ ವರ್ಷ ಬೆಟಗೇರಿ ನೀರು ಕುಡದಿ. ಕೈ ನನಗ ಎತ್ತತಿ, ಹೌದಿಲ್ಲೊ?"

ಕುತ್ತಿಗೆ ಆಡಿತು.

"ಆಚೀಕಡೆ ಎತ್ತಿದಿ ಅಂದ್ರ ಮೊದಲ ನಿನ್ನ ಆಡು ಹೊರಗ, ಆಮ್ಯಾಲ ನೀನು."

ಅವನು ಆ ಕಡೆ ಹೋದದ್ದೇ ತಡ, ಬಸ್ಸಿಳಿದು ಬೋವಜಪ್ಪ ಬಂದ. ಹೆಗಲ ಮೇಲೆ ಬಿದ್ದ ಅವನ ಕೈ ಗೊಬ್ಬರದ ಚೀಲದಷ್ಟೇ ಭಾರವಾಗಿತ್ತು.

"ತಮ್ಮಾ, ನೀ ಹುಟ್ಟಿದ್ದು ಶಿರಹಟ್ಟಿ ಕಡೆ. ನಮ್ಮ ಮಣ್ಣಿನಾಂವ. ಕೈ ನನಗ, ಹೌದಲ್ಲ?"

ಕುತ್ತಿಗೆ ಮತ್ತೆ ಆಡಿತು.

"ಮೋಸ ಮಾಡಿದ್ಯೋ, ನಾಳೆ ಈ ಖೋಲಿಗೆ ನನ್ನ ಕೀಲಿ ಬೀಳತೈತಿ."

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಮೃತವ್ವ ಬಂದಳು. "ದವಾಖಾನ್ಯಾಗ ಕುತ್ತಿಗಿಗೆ ಪಟ್ಟಿ ಹಾಕ್ತಾರಲ್ಲ, ಅದನ್ನಾರ ಹಾಕ್ಕೊಂಡ ಬರ್ರಿ! ಈಗೇನ ಮಾಡ್ತೀರಿ?"

"ಎರಡೂ ಕಡೆ ಎತ್ತಿದ್ರ?"

"ಎರಡೂ ಕಡೆ ಒದೀತಾರ."

ಜಕರಿಯಪ್ಪ ಹೋಗಿ ತಡೆದು ತಡೆದು ಗಂಟೆಯ ಹಗ್ಗ ಎಳೆದ. ಗಂಟೆ ಹೇಗೆ ಬಡಿಯಿತೆಂದರೆ, ಓಣಿಯ ಮುದುಕನೊಬ್ಬ ಗಾಬರಿಯಾಗಿ ಬಂದು, "ಯಾರ ಹೋದ್ರಪಾ?" ಎಂದು ಕೇಳಿದ.

"ಇನ್ನೂ ಯಾರೂ ಹೋಗಿಲ್ರಿ ಅಜ್ಜಾ," ಎಂದ ಜಕರಿಯಪ್ಪ.

ಆರಾಧನೆ ಮುಗಿಯಿತು. ಪಾದ್ರಿ ಅಯ್ಯನವರು ಎದ್ದು ನಿಂತರು. "ಹೋದ ಸಲ ಕೈ ಎತ್ತೂವಾಗ ಬೆಂಚು ಮುರದ್ರಿ. ಈ ಸಲ ಪ್ರಾರ್ಥನಿ ಮ್ಯಾಲೆ ಆರಿಸೂಣು. ಎಲ್ಲಾರೂ ಕಣ್ಣ ಮುಚ್ಚಿ ತಲಿ ಬಗ್ಗಸ್ರಿ. ಹೆಸರು ಹೇಳಿದಾಗ ಕೈ ಎತ್ರಿ. ನಾನೊಬ್ಬನ ನೋಡ್ತೀನಿ, ಮ್ಯಾಲೆ ದೇವರು ನೋಡ್ತಾನ."

ಬೋವಜಪ್ಪ ಎದ್ದ. "ಅಯ್ಯನವರ, ಚರ್ಚಿನ ಪಗಾರ ತಿನ್ನಾಂವ, ಚರ್ಚಿನ ಜಾಗಾದಾಗ ಪುಕ್ಕಟೆ ಇರಾಂವ ಕಾರ್ಯದರ್ಶಿ ಆಗಂಗಿಲ್ಲ ಅಂತ ಕಾನೂನು ಐತಿ. ಗಿದ್ಯೋನಪ್ಪನ ಪ್ರೆಸ್ಸು ಚರ್ಚಿನ ಜಾಗಾದಾಗ ಐತಿ!"

"ಬಾಡಿಗಿ ಕೊಡ್ತೀನಲೇ!"

"ಅಂವ ಬಾಡಿಗಿ ಕೊಡ್ತಾನ, ಕಾನೂನು ಅಂವಗ ಹತ್ತಂಗಿಲ್ಲ. ಕುಂಡ್ರಿ," ಎಂದರು ಅಯ್ಯನವರು.

ಎಲ್ಲರ ಕಣ್ಣೂ ಮುಚ್ಚಿರುತ್ತವೆ ಎಂದು ಕೇಳಿ ಜಕರಿಯಪ್ಪನಿಗೆ ಹೋದ ಜೀವ ಬಂದಂತಾಯಿತು. ಯಾರಿಗೂ ಕೈ ಎತ್ತದಿದ್ದರಾಯಿತು! ಅಷ್ಟರಲ್ಲಿ ಎಡಕ್ಕೆ ಗಿದ್ಯೋನಪ್ಪನ ಅಳಿಯ ಬಂದು ಒತ್ತಿ ಕೂತ. "ನಾ ಬೆರಳ ಸಂದಿಯಿಂದ ನೋಡಾಂವ ಅದೀನಿ," ಎಂದು ಕಿವಿಯಲ್ಲಿ ಹೇಳಿದ. ಬಲಕ್ಕೆ ಬೋವಜಪ್ಪನ ಬೀಗ ಕೂತ. "ನನಗ ಬೆರಳ ಸಂದೀನೂ ಬ್ಯಾಡ," ಎಂದ.

"ಗಿದ್ಯೋನಪ್ಪ," ಎಂದರು ಅಯ್ಯನವರು.

ಎಡ ಪಕ್ಕೆಗೆ ಮೊಣಕೈ ತಿವಿಯಿತು. ಜಕರಿಯಪ್ಪನ ಕೈ ಮೇಲೇರಿತು.

"ಬೋವಜಪ್ಪ."

ಬಲ ಪಕ್ಕೆಗೆ ತಿವಿಯಿತು. ಕೈ ಮತ್ತೆ ಏರಿತು. ಮುಗಿಯಿತು ತನ್ನ ಕತೆ ಎಂದುಕೊಂಡು, ಹೊಡೆತ ಯಾವ ಕಡೆಯಿಂದ ಬರುತ್ತದೆಂದು ನೋಡಲು ಅವನು ಒಂದೇ ಕಣ್ಣು ತೆರೆದ.

ಚರ್ಚಿನ ತುಂಬ ಕೈಗಳು, ತೆನೆ ಹೊತ್ತ ಜೋಳದ ಹೊಲದಂತೆ. ಅವನ ಎಡಕ್ಕೆ ಕೂತ ಅಳಿಯನ ಕೈ ಕೂಡ! ಪ್ರತಿಯೊಬ್ಬರದೂ ಒಂದು ಕಣ್ಣು ತೆರೆದಿತ್ತು, ಪ್ರತಿಯೊಬ್ಬರೂ ಇನ್ನೊಬ್ಬರ ಕಣ್ಣಿಗೆ ಹೆದರಿ ಕೈ ಎತ್ತಿದ್ದರು. ಎದುರಾಳಿಯ ಹೆಸರಿಗೆ ಸ್ವತಃ ಗಿದ್ಯೋನಪ್ಪನೇ ಕೈ ಎತ್ತಿ ಕೂತಿದ್ದ. ಊರೆಲ್ಲ ಎತ್ತಿರುವಾಗ ಒಬ್ಬನೇ ಇಳಿಸಿಕೊಂಡು ಕೂಡುವ ಧೈರ್ಯ ಅವನಿಗೆಲ್ಲಿಂದ ಬರಬೇಕು?

"ಆಮೆನ್," ಎಂದು ಅಯ್ಯನವರು ಬೆವರೊರೆಸಿಕೊಂಡರು. "ಇಬ್ಬರಿಗೂ ಎಲ್ಲಾರೂ ಎತ್ತೀರಿ."

ಎಲ್ಲರೂ ಈಗಷ್ಟೇ ಕಣ್ಣು ತೆರೆದವರಂತೆ ಕಣ್ಣುಜ್ಜಿಕೊಂಡರು. ಮೋಸ ಎಂದು ಕೂಗಬೇಕಾದರೆ ಕಣ್ಣು ತೆರೆದಿದ್ದೆ ಎಂದು ಒಪ್ಪಬೇಕಲ್ಲ!

ಆಗ ಲಕ್ಷ್ಮೇಶ್ವರದ ಹಿರಿಯ ಸಿಲ್ವಾನಪ್ಪ ನಡುವಿನ ಬೆಂಚಿನಿಂದ ಎದ್ದ. "ಹಂಗಾರ ಎರಡೂ ಕಡೆಗೆ ಸೇರಿದಾಂವನ್ನ ಮಾಡ್ರಿ. ಹುಟ್ಟಿದ್ದು ಶಿರಹಟ್ಟಿ ಕಡೆ, ಉಣ್ಣೂದು ಬೆಟಗೇರಿಯಾಗ. ನಮ್ಮ ಜಕರಿಯಪ್ಪ!"

ಇವನು ನನಗೆ ತಲೆಯಾಡಿಸಿದವನು ಎಂದುಕೊಂಡ ಗಿದ್ಯೋನಪ್ಪ. ನನಗೆ ಎಂದುಕೊಂಡ ಬೋವಜಪ್ಪ. "ಆತು!" ಎಂದರು ಇಬ್ಬರೂ ಒಂದೇ ಉಸಿರಿಗೆ.

"ಜಕರಿಯಪ್ಪ, ಒಪ್ಪಿಗಿ ಐತೇನಪಾ?" ಅಯ್ಯನವರ ದನಿ ತುಸು ದೊಡ್ಡದಾಯಿತು.

ಜಕರಿಯಪ್ಪ ಎರಡೂ ಕೈಯಿಂದ ಕುತ್ತಿಗೆ ಹಿಡಿಯಲು ಹೋದ. ತಡವಾಗಿತ್ತು, ಅದು ಆಡಿಯಾಗಿತ್ತು.

ಚಪ್ಪಾಳೆ ಬಿತ್ತು. ಇಬ್ಬರೂ ತಮಗಾಗಿ ತರಿಸಿಟ್ಟಿದ್ದ ಹಾರಗಳನ್ನು ಅವನ ಕೊರಳಿಗೇ ಹಾಕಿದರು. ಹಾಕಿದ ಕೈ ಇಳಿಸುವ ಮೊದಲೇ ಬೋವಜಪ್ಪ ಕೇಳಿದ, "ಅಯ್ಯನವರ, ಆ ಕಾನೂನು?"

"ಕಾನೂನು ಅಂದ್ರ ಕಾನೂನು," ಎಂದ ಗಿದ್ಯೋನಪ್ಪ. ಅವರಿಬ್ಬರೂ ಒಂದೇ ದಿನ ಎರಡು ಸಲ ಒಂದು ಮಾತಿಗೆ ಒಪ್ಪಿದ್ದನ್ನು ಸಭೆ ಅದೇ ಮೊದಲು ಕಂಡಿತು. "ಇಂವ ಪಗಾರ ಬಿಡ್ಲಿ, ಗಂಟಿ ಬಾರಸಾಕ ನನ್ನ ಅಳಿಯ ಅದಾನ."

"ನಿನ್ನ ಅಳಿಯ ಯಾಕ? ನಮ್ಮ ಬೀಗ ಅದಾನ!"

ಜಗಳ ಹೊಸದಾಗಿ ಹತ್ತಿಕೊಂಡಿತು. ಆ ಗದ್ದಲದ ನಡುವೆ ಅಯ್ಯನವರು ಮೆಲ್ಲಗೆ ಹೇಳಿದರು, "ಕಾರ್ಯದರ್ಶಿಗಳ, ನಾಳೆನ ಖೋಲಿ ಖಾಲಿ ಮಾಡ್ರಿ."

ಜಕರಿಯಪ್ಪ ಮನೆಗೆ ಬಂದ. ಅಮೃತವ್ವ ಹೊಸ್ತಿಲಲ್ಲೇ ನಿಂತಿದ್ದಳು. ಆಡು ಹತ್ತಿರ ಬಂದು ಹಾರದ ಸೇವಂತಿಗೆಗೆ ಬಾಯಿ ಹಾಕಿತು.

"ಯಾರ ಗೆದ್ರು?"

"ನಾನ."

"ಅಯ್ಯ ನನ್ನ ದೇವರ! ಹಂಗಾರ ಖೋಲಿ ಉಳೀತು, ಹೌದಿಲ್ಲೊ?"

ಜಕರಿಯಪ್ಪನ ಕುತ್ತಿಗೆ ಹುಟ್ಟಿದಾಗಿನಿಂದ ಮೊದಲ ಸಲ ಅಡ್ಡಡ್ಡ ಆಡಿತು.