ಕೆಲಸವೇ ನಡೆಯದ ಮನೆ

ಪಂಚಶೀಲಾ: ಮನಿ ಅಳಿಯಾಕ ಬಂದು, ಇದು ಮನೀನ ಅಲ್ಲ ಅಂದ್ರ ಹ್ಯಾಂಗ್ರೀ ಸಾಹೇಬ್ರ?

ಆನಂದಕುಮಾರ: ಮನಿ ಇರಬಹುದ್ರೀ ಅಕ್ಕಾರ. ಆದ್ರ ಕೆಳಗ ಟೈರ್ ಅಂಗಡಿ, ಅದರ ಮ್ಯಾಲ ಜಿಮ್ಮು. ಕಾಗದದಾಗ ಇಡೀ ಬಿಲ್ಡಿಂಗು ವಾಣಿಜ್ಯ ವಲಯ ಅಂತದ. ನನ್ನ ಲೈಸೆನ್ಸು ಬರೇ ವಾಸದ ಮನಿಗೆ. ಇದಕ್ಕ ಬೆಲಿ ಕಟ್ಟಿದ್ರ ಲೈಸೆನ್ಸ ಹೋಗ್ತದ.

ಪಂಚಶೀಲಾ: ಹಂಗಾರ ಹದಿನಾಲ್ಕು ವರ್ಷ ನಾ ಟೈರಿನ್ಯಾಗ ಮಲಗೀನೇನ್ರೀ?

ಕಲಬುರಗಿ ಕೋಟೆಯ ಹತ್ತಿರದ ಆ ಮೂರನೇ ಮಹಡಿಯ ಫ್ಲ್ಯಾಟು ಪಂಚಶೀಲಾಳ ಹೆಸರಿನಲ್ಲಿತ್ತು. ಅದನ್ನು ಅಡವಿಟ್ಟು ಸಾಲ ತೆಗೆದು, ಕಮಲಾಪುರದಲ್ಲಿ ಖಾಲಿ ಬಿದ್ದಿದ್ದ ಕೆಂಪು ಬಾಳೆಹಣ್ಣಿನ ಗೋದಾಮಿನಲ್ಲಿ ರೊಟ್ಟಿ ಕೇಂದ್ರ ತೆರೆಯಬೇಕೆಂಬುದು ಅವಳ ಹಟ. ಮೌಲ್ಯಮಾಪಕ ಆನಂದಕುಮಾರ ಮನೆಗೆ ಬೆಲೆ ಕಟ್ಟಿದ ಕಾಗದ ಇವತ್ತು ಸಂಜೆಯೊಳಗೆ ಬರದಿದ್ದರೆ ಸಾಲವಿಲ್ಲ ಎಂದು ಬ್ಯಾಂಕಿನವರು ಹೇಳಿಬಿಟ್ಟಿದ್ದರು. ಗಂಡ ಅಜಿತ ಸೋಫಾದ ಮೇಲೆ ಪೇಪರ್ ಓದುತ್ತಲೇ ಹೆಂಡತಿಯ ನೆರವಿಗೆ ಬಂದ.

ಅಜಿತ: ಬರ್ಕೋರಿ ಸಾಹೇಬ್ರ, ಇಲ್ಲಿ ಯಾವ ಧಂದೇನೂ ಇಲ್ಲ. ಈಕಿ ಮನ್ಯಾಗ ಖಾಲಿ ಇರ್ತಾಳ.

ಆನಂದಕುಮಾರ ಮಲಗುವ ಕೋಣೆಯ ಬಾಗಿಲು ತಳ್ಳಿದ. ಪಲ್ಲಂಗದ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಸಾಲುಸಾಲಾಗಿ ಖಡಕ್ ರೊಟ್ಟಿಯ ಗೋಪುರಗಳು.

ಆನಂದಕುಮಾರ: ಮತ್ತ ಇವೇನ್ರೀ?

ಅಜಿತ: ರೊಟ್ಟಿ. ತಿನ್ನಾಕ.

ಆನಂದಕುಮಾರ: ಮುನ್ನೂರು?

ಅಜಿತ: ನನಗ ಜರಾ ಹಸಿವು ಜಾಸ್ತಿರೀ.

ಪಂಚಶೀಲಾ: ಸುಳ್ಳ ಯಾಕ? ಮಾರಾಕ ಬಡದೀನಿ, ನಸುಕಿನ್ಯಾಗ ನಾಕಕ್ಕ ಎದ್ದು. ಗೋದಾಮು ಯಾಕ ಬೇಕು ಅಂತೀರಿ? ಮಲಗಾಕ ಒಂದು ಪಲ್ಲಂಗ ಖಾಲಿ ಸಿಗಲಿ ಅಂತ!

ಅಜಿತ: ಬಾಯಿ ಮುಚ್ಚ ಮಾರಾಯ್ತಿ, ಸಾಲ ಹೋಗ್ತದ!

ಆನಂದಕುಮಾರ: ಹೋತಲ್ಲ! ಕೆಳಗೂ ವಾಣಿಜ್ಯ, ಮ್ಯಾಲೂ ವಾಣಿಜ್ಯ!

ಅವನು ಅಳತೆಯ ಟೇಪು ಸುತ್ತತೊಡಗಿದ. ಪಂಚಶೀಲಾ ಅದರ ಇನ್ನೊಂದು ತುದಿ ಹಿಡಿದು ನಿಂತಳು.

ಪಂಚಶೀಲಾ: ನಿಮಗ ಈ ಕೆಲಸ ಕಲಿಸಿದವರು ಯಾರರೆ ಇದ್ದಾರಲ್ಲ, ಅವರಿಗೊಂದು ಮಾತು ಕೇಳ್ರಿ. ಅಲ್ಲೀತನಕ ನಾ ಟೇಪು ಬಿಡಂಗಿಲ್ಲ.

ಆನಂದಕುಮಾರ ಬೆವರೊರೆಸಿಕೊಂಡು ಹಿರಿಯ ಮೌಲ್ಯಮಾಪಕ ದೇವಿಂದ್ರಪ್ಪನಿಗೆ ಫೋನ್ ಹಚ್ಚಿದ. ಸ್ಪೀಕರಿನಲ್ಲಿ ಕೆಮ್ಮು ಮೊದಲು ಬಂತು, ಮಾತು ಆಮೇಲೆ.

ದೇವಿಂದ್ರಪ್ಪ: ತಮ್ಮಾ, ನೀ ಬೆಲಿ ಕಟ್ಟಾಕ ಹೋಗಿದ್ದು ಬಿಲ್ಡಿಂಗಿಗೋ, ಒಂದು ಫ್ಲ್ಯಾಟಿಗೋ?

ಆನಂದಕುಮಾರ: ಒಂದು ಫ್ಲ್ಯಾಟಿಗ್ರೀ.

ದೇವಿಂದ್ರಪ್ಪ: ಮಂಜೂರಾದ ನಕ್ಷೆದಾಗ ಆ ಫ್ಲ್ಯಾಟು ಏನಂತದ?

ಆನಂದಕುಮಾರ: ವಾಸದ ಮನಿ ಅಂತದ್ರೀ.

ದೇವಿಂದ್ರಪ್ಪ: ಮುಗೀತಲ್ಲ! ಟೈರ್ ಅಂಗಡಿ, ಇಡೀ ಬಿಲ್ಡಿಂಗು ನಿನ್ನ ಲೈಸೆನ್ಸಿನ ಹದ್ದು ದಾಟ್ತಾವ. ಆ ಒಂದು ಮನಿ ದಾಟಂಗಿಲ್ಲ. ವಲಯ ವಾಣಿಜ್ಯ ಅಂತ ಒಂದು ಸಾಲು ಬರದು ಸಹಿ ಹಾಕು.

ಆನಂದಕುಮಾರ: ಮತ್ತ ಮುನ್ನೂರು ರೊಟ್ಟಿ?

ದೇವಿಂದ್ರಪ್ಪ: ಯಾರು ಬಡದಾರ?

ಆನಂದಕುಮಾರ: ಮನಿಯಾಕೀರೀ.

ದೇವಿಂದ್ರಪ್ಪ: ಹೆಣ್ಮಕ್ಕಳು ಮನ್ಯಾಗ ರೊಟ್ಟಿ ಬಡದ್ರ ಅದಕ್ಕ ಯಾರರೆ ಕೆಲಸ ಅಂತಾರೇನೋ ಹುಚ್ಚಾ!

ಎಲ್ಲರಿಗಿಂತ ಜೋರಾಗಿ ನಕ್ಕವನು ಅಜಿತ. ಪಂಚಶೀಲಾ ಕೋಣೆ, ಪಡಸಾಲೆ, ಅಡುಗೆಮನೆ ಅಳೆದು ಮುಗಿಯುವವರೆಗೂ ಟೇಪಿನ ತುದಿ ಹಿಡಿದುಕೊಂಡಳು. ಆನಂದಕುಮಾರ ಸಹಿ ಹಾಕಿದ ಕಾಗದದ ಕೊನೆಯ ಸಾಲು ಓದಿದಳು: ‘ಸದರಿ ಮನೆಯಲ್ಲಿ ಯಾವುದೇ ಕೆಲಸ ನಡೆಯುವುದಿಲ್ಲ.’ ಕಾಗದ ಮಡಚಿ ಬ್ಯಾಗಿಗೆ ಹಾಕಿ ಜಿಪ್ ಎಳೆದಳು. ಆಮೇಲೆ ಗಂಡನ ಕೈಯಿಂದ ಪೇಪರ್ ತೆಗೆದುಕೊಂಡು ಸೋಫಾದಲ್ಲಿ ಕಾಲು ಚಾಚಿದಳು.

ಅಜಿತ: ಏ, ಸಾಹೇಬ್ರಿಗೆ ಚಾ ಮಾಡು.

ಪಂಚಶೀಲಾ: ಈ ಮನ್ಯಾಗ ಕೆಲಸ ನಡಿಯಂಗಿಲ್ಲಂತ ಸಹಿ ಆಗ್ಯದ್ರೀ. ನಾ ಎದ್ರ ಪಾಪ, ಸಾಹೇಬ್ರ ಲೈಸೆನ್ಸ ಹೋಗ್ತದ.

ಅಜಿತ ಗೊಣಗುತ್ತ ಎದ್ದು ಹೋದ. ಒಳಗೆ ಒಂದಾದ ಮೇಲೊಂದು ಡಬ್ಬಿಗಳ ಸದ್ದಾಯಿತು.

ಅಜಿತ: ಸಕ್ಕರಿ ಎಲ್ಲದ?

ಪಂಚಶೀಲಾ ಪೇಪರಿನ ಪುಟ ತಿರುವಿದಳು.

ಪಂಚಶೀಲಾ: ಅಡಿಗಿಮನಿ ಆರು ಬೈ ಎಂಟು. ಸಾಹೇಬ್ರು ಈಗರೆ ಅಳದಾರ. ಅದರಾಗ ಎಲ್ಲೋ ಅದ, ಹುಡುಕ್ರಿ.